ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಬ್ರೇಕ್ ಕ್ಯಾಲಿಪರ್: ಬಿಚ್ಚಿ, ತೊಳೆದು, ಕೂಡಿಸುವ ಬಗೆ

ಮಳೆಗಾಲ ಮುಗಿದು ಕಾಫಿ ಕೊಯ್ಲಿಗೆ ಗಾಡಿ ಸಜ್ಜುಗೊಳಿಸುವ ಹೊತ್ತಿಗೆ ಒಂದೇ ಪ್ರಶ್ನೆ ಹತ್ತಾರು ಬಾಯಿಂದ ಬರುತ್ತದೆ. ‘ಮುಂದಿನ ಬ್ರೇಕ್ ಪ್ಯಾಡ್ ಹೊಸದಾಗಿ ಹಾಕಿಸಿ ಮೂರು ತಿಂಗಳಾಗಿಲ್ಲ. ಬಲಗಡೆಯದು ಕಬ್ಬಿಣ ಕಾಣುವಷ್ಟು ಸವೆದಿದೆ, ಎಡಗಡೆಯದು ಹಾಗೆಯೇ ಇದೆ. ಯಾವ ಕಂಪನಿಯ ಪ್ಯಾಡ್ ಹಾಕಿಸಲಿ?’ ಕಂಪನಿ ಬದಲಿಸಿ ಪ್ರಯೋಜನವಿಲ್ಲ. ದೋಷ ಪ್ಯಾಡಿನದಲ್ಲ, ಅದನ್ನು ಒತ್ತುವ ಕ್ಯಾಲಿಪರಿನದು. ಅದನ್ನು ಸರಿಪಡಿಸದೆ ಪ್ಯಾಡ್ ಹಾಕಿಸುತ್ತಾ ಹೋದರೆ ಮುಂದಿನ ಮೂರು ತಿಂಗಳಿಗೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

‘ಕ್ಯಾಲಿಪರ್ ಸವೆದಿದೆ, ಹೊಸದು ಹಾಕಬೇಕು’ ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ನಿಜ ಹೇಳಬೇಕೆಂದರೆ ಕ್ಯಾಲಿಪರ್ ಸವೆಯುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಒಳಗಿನಿಂದ ನೀರು ಹೀರಿದ ಹಳೆಯ ಬ್ರೇಕ್ ಆಯಿಲ್, ಹೊರಗಿನಿಂದ ಮಲೆನಾಡಿನ ಕೆಂಪು ಕೆಸರು, ಎರಡೂ ಸೇರಿ ಜಾರಬೇಕಾದ ಭಾಗಗಳನ್ನು ಜಾರದಂತೆ ಮಾಡುತ್ತವೆ. ಹಾಗಾಗಿ ಅನೇಕ ಕ್ಯಾಲಿಪರುಗಳು ಒಂದು ರಬ್ಬರ್ ಕಿಟ್ ಮತ್ತು ಒಂದು ದಿನದ ಶ್ರಮದಲ್ಲಿ ಮರುಜೀವ ಪಡೆಯುತ್ತವೆ. ಯಾವುದು ಬದುಕುತ್ತದೆ, ಯಾವುದನ್ನು ಗುಜರಿಗೆ ಹಾಕಬೇಕು ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ಪಿಸ್ಟನ್. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೆಯ ಗಾಡಿಗಳಿಗೆ, ಅಂದರೆ ಜಿಪ್ಸಿ, ಬೊಲೆರೊ ಮತ್ತು ಅದರ ಪಿಕಪ್ ರೂಪಗಳು, ಹಳೆಯ ಥಾರ್ ಮುಂತಾದವುಗಳಿಗೆ ಈ ಕ್ರಮ ಹೊಂದುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಹಿಂದಿನ ಕಾಲದ ಜೀಪುಗಳ ಕಥೆ ಬೇರೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಗಾಳಿ ತೆಗೆಯುವ ಕ್ರಮ ಬದಲಾಗಬಹುದು, ಆ ಗಾಡಿಯ ಕೈಪಿಡಿಯನ್ನು ನೋಡಿ. ಇನ್ನೊಂದು ಮಾತು: ಬ್ರೇಕ್ ಕೆಲಸವನ್ನು ಜೀವಮಾನದಲ್ಲಿ ಒಮ್ಮೆಯೂ ಮಾಡಿರದಿದ್ದರೆ ಮೊದಲ ಸಲ ಅನುಭವಿಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಲಿಯುವ ಪಾಠವಲ್ಲ ಇದು.

ಕೆಲವು ಹೆಸರುಗಳು

ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಬದಿಯಿಂದ ಇಕ್ಕಳದಂತೆ ಹಿಡಿಯುವುದು ಕ್ಯಾಲಿಪರ್. ಇಕ್ಕಳದ ಎರಡು ತುಟಿಗಳಲ್ಲಿ ಕೂರುವ ಉಜ್ಜುವ ಹಲಗೆಗಳು ಪ್ಯಾಡುಗಳು. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ತೇಲುವ ಕ್ಯಾಲಿಪರ್. ಆಯಿಲಿನ ಒತ್ತಡಕ್ಕೆ ಮುಂದೆ ಸರಿಯುವ ಪಿಸ್ಟನ್ ಒಳಬದಿಯಲ್ಲಿ ಮಾತ್ರ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತಿದಾಗ, ಕ್ಯಾಲಿಪರಿನ ಇಡೀ ಮೈ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಈ ಪಿನ್ನುಗಳಿಗೆ ಸ್ಲೈಡ್ ಪಿನ್ ಎನ್ನುತ್ತಾರೆ. ಕ್ಯಾಲಿಪರನ್ನು ಹೊತ್ತು ನಿಲ್ಲುವ, ಚಕ್ರವನ್ನು ಹಿಡಿದು ಸ್ಟೀರಿಂಗ್ ಜೊತೆ ತಿರುಗುವ ನಕಲ್‌ಗೆ ಬೋಲ್ಟ್ ಮಾಡಿದ ಚೌಕಟ್ಟು ಬ್ರಾಕೆಟ್.

ಪಿಸ್ಟನ್ನಿನ ಸುತ್ತ ಎರಡು ರಬ್ಬರುಗಳಿವೆ. ಹೊರಗಿನದು ಮಡಿಕೆ ಮಡಿಕೆಯಾದ ಧೂಳಿನ ಕವಚ, ಡಸ್ಟ್ ಬೂಟ್. ಒಳಗಿನದು ಚೌಕ ಅಂಚಿನ ಸೀಲ್. ಈ ಪುಟ್ಟ ಉಂಗುರ ಎರಡು ಕೆಲಸ ಮಾಡುತ್ತದೆ. ಆಯಿಲ್ ಸೋರದಂತೆ ತಡೆಯುವುದು ಒಂದು. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆಗೇ ಸ್ವಲ್ಪ ಬಾಗಿ, ಬಿಟ್ಟೊಡನೆ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುವುದು ಇನ್ನೊಂದು. ಪಿಸ್ಟನ್ ಹಿಂದೆ ಸರಿಯಲು ಬೇರೆ ಸ್ಪ್ರಿಂಗ್ ಇಲ್ಲ. ಸೀಲ್ ಗಡುಸಾದರೆ ಬ್ರೇಕ್ ಬಿಟ್ಟರೂ ಬಿಡುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

1. ಬಿಚ್ಚುವ ಮೊದಲು ದೋಷ ಎಲ್ಲಿದೆ ನೋಡಿ

ಬಯಲು ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ, ನಿಲ್ಲಿಸಿದ ತಕ್ಷಣ ಎರಡೂ ಮುಂದಿನ ಚಕ್ರಗಳ ಬಳಿ ಅಂಗೈಯ ಹಿಂಬದಿಯನ್ನು ಹಿಡಿಯಿರಿ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಒಲೆಯ ಮುಂದೆ ಕೂತಂತೆ ಅನಿಸಿದರೆ ಬಿಸಿಯಾದ ಕಡೆಯ ಕ್ಯಾಲಿಪರ್ ಹಿಡಿದುಕೊಂಡಿದೆ. ಬ್ರೇಕ್ ಒತ್ತದಿರುವಾಗಲೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಹಿಡಿದುಕೊಂಡ ಚಕ್ರ ಆ ಪಕ್ಕದ್ದೇ ಇರಬೇಕು. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಹುತೇಕ ಬಲಗಡೆಯದು ಕೆಲಸ ಮಾಡುತ್ತಿಲ್ಲ ಎಂದರ್ಥ. ಈ ಎರಡನ್ನು ಅದಲುಬದಲು ಮಾಡಿಕೊಂಡು ಸರಿಯಿರುವ ಕ್ಯಾಲಿಪರನ್ನು ಬಿಚ್ಚಿ ಕೂತವರನ್ನು ಬಹಳ ನೋಡಿದ್ದೇನೆ.

ಆಮೇಲೆ ಆ ಚಕ್ರವನ್ನು ಜಾಕಿನಿಂದ ಮೇಲೆತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಫೋರ್ ವೀಲ್ ಗಾಡಿಯವರು ಎಡವುವುದು ಇಲ್ಲಿ. ಗೇರನ್ನು ಟು ವೀಲ್ ಡ್ರೈವ್‌ಗೆ ತಂದು, ಹಬ್ ಲಾಕ್ (ಚಕ್ರವನ್ನು ಆಕ್ಸಲಿಗೆ ಸೇರಿಸುವ ಬೀಗ) ಇದ್ದರೆ ಎರಡೂ ಕಡೆ ‘ಫ್ರೀ’ಗೆ ತಿರುಗಿಸಿರಬೇಕು. ಇಲ್ಲವಾದರೆ ಚಕ್ರದ ಜೊತೆಗೆ ಮುಂದಿನ ಆಕ್ಸಲ್, ಡಿಫರೆನ್ಶಿಯಲ್ ಎಲ್ಲವೂ ತಿರುಗುತ್ತವೆ. ಆ ಭಾರವನ್ನೇ ಬ್ರೇಕ್ ಹಿಡಿದಿದೆ ಎಂದು ತಿಳಿಯುತ್ತೀರಿ.

ಚಕ್ರ ನಿಜಕ್ಕೂ ಬಿಗಿಯಾಗಿದ್ದರೆ ಒಬ್ಬರು ಪೆಡಲ್ ಒತ್ತಿ ಬಿಡಲಿ. ಆಮೇಲೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲನ್ನು, ಅಂದರೆ ಗಾಳಿ ತೆಗೆಯುವ ಪುಟ್ಟ ತಿರುಪನ್ನು, ಅರ್ಧ ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರಾಯಿತೇ? ಹಾಗಿದ್ದರೆ ಕ್ಯಾಲಿಪರ್ ತಪ್ಪಿತಸ್ಥನಲ್ಲ, ಒತ್ತಡ ಹಿಂದಕ್ಕೆ ಹೋಗದೆ ಸಿಕ್ಕಿಕೊಂಡಿದೆ. ಕ್ಯಾಲಿಪರಿಗೆ ಆಯಿಲ್ ತರುವ ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿ, ಆಯಿಲ್ ಹೋಗಲು ಬಿಟ್ಟು ಬರಲು ಬಿಡದ ಬಾಗಿಲಿನಂತಾಗಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಹೋಸಿಗಿಂತ ಹಿಂದಿನ ಲೋಹದ ಪೈಪಿನ ಜೋಡಣೆಯನ್ನು ಸಡಿಲಿಸಿದಾಗಲೂ ಚಕ್ರ ಬಿಟ್ಟರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ನೂಕುವ ಪಂಪು) ಅಥವಾ ಪೆಡಲಿನ ಕಡೆ ನೋಡಿ. ಅಲ್ಲಿ ಸಡಿಲಿಸಿದರೆ ಬಿಡದೆ, ನಿಪ್ಪಲ್ ಸಡಿಲಿಸಿದಾಗ ಮಾತ್ರ ಬಿಟ್ಟರೆ ಹೋಸ್ ಬದಲಿಸಿ. ಎರಡರಲ್ಲಿ ಯಾವುದನ್ನು ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಉಳಿದರೆ ಪಿಸ್ಟನ್ ಅಥವಾ ಪಿನ್ ಹಿಡಿದಿದೆ. ಈ ಲೇಖನ ನಿಮಗಾಗಿಯೇ.

ಕೊನೆಯದಾಗಿ, ಹಿಂದಿನ ಡ್ರಮ್ಮುಗಳನ್ನು ಮರೆಯಬೇಡಿ. ಡ್ರಮ್ಮಿನ ಒಳಗೆ ಉಜ್ಜುವ ಲೈನರ್ ಹೊಂದಾಣಿಕೆ ತಪ್ಪಿ ಕೆಲಸವನ್ನೇ ಮಾಡದಿದ್ದರೆ ಇಡೀ ಗಾಡಿಯನ್ನು ಮುಂದಿನ ಎರಡು ಡಿಸ್ಕುಗಳೇ ನಿಲ್ಲಿಸಬೇಕಾಗುತ್ತದೆ. ಗೊಬ್ಬರದ ಚೀಲ ತುಂಬಿದ ಪಿಕಪ್ ಘಾಟಿ ಇಳಿಯುವಾಗ ಮುಂದಿನ ಸೀಲುಗಳು ಬೆಂದು ಗಡುಸಾಗಲು ಇದೂ ಒಂದು ಕಾರಣ. ಮುಂದಿನದನ್ನು ರಿಪೇರಿ ಮಾಡಿ ಹಿಂದಿನದನ್ನು ಹಾಗೆಯೇ ಬಿಟ್ಟರೆ ಅರ್ಧ ಕೆಲಸವಾದಂತೆ.

2. ಸಾಮಾನು

ಎರಡೂ ಕಡೆಗೆ ಸಾಕಾಗುವಷ್ಟು ಕ್ಯಾಲಿಪರ್ ಕಿಟ್ (ಸೀಲ್, ಡಸ್ಟ್ ಬೂಟ್, ಪಿನ್ ಬೂಟ್ ಇರಬೇಕು), ಹೊಸ ಪ್ಯಾಡ್ ಸೆಟ್, ಹೋಸ್ ಬೋಲ್ಟಿನ ತಾಮ್ರದ ವಾಶರುಗಳು, ಮೊಹರು ಒಡೆಯದ ಬ್ರೇಕ್ ಆಯಿಲ್ ಒಂದು ಲೀಟರ್, ರಬ್ಬರಿಗೆ ಹಾನಿ ಮಾಡದ ಬ್ರೇಕ್ ಗ್ರೀಸ್, ಬ್ರೇಕ್ ಕ್ಲೀನರ್ ಸ್ಪ್ರೇ. ಸಲಕರಣೆಗಳಲ್ಲಿ ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಸಾಕೆಟ್ ಸೆಟ್, ಪೈಪಿನ ನಟ್ಟಿಗೆ ಫ್ಲೇರ್ ಸ್ಪ್ಯಾನರ್, ಸಿ ಕ್ಲ್ಯಾಂಪ್, ಬಿಗಿತ ಅಳೆಯುವ ಟಾರ್ಕ್ ರೆಂಚ್, ಕಟ್ಟಲು ತಂತಿ, ಪಾರದರ್ಶಕ ಪೈಪಿನ ತುಂಡು, ಒಂದು ಬಾಟಲಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಹಳೆಯ ಪ್ಯಾಡಿನ ಧೂಳಿನಲ್ಲಿ ಕಲ್ನಾರು ಇರಬಹುದು. ಅದನ್ನು ಗಾಳಿ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕಿಟ್ ಕೊಳ್ಳುವಾಗ ಗಾಡಿಯ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಅಳತೆಯ ಪಿಸ್ಟನ್ ಬಂದಿರುತ್ತದೆ. ಚಾಸಿ ನಂಬರ್ ಬರೆದುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಸಾಧ್ಯವಾದರೆ ಹಳೆಯ ಪಿಸ್ಟನ್ನನ್ನೇ ಕಾಗದದಲ್ಲಿ ಸುತ್ತಿ ಒಯ್ಯುವುದು ಉತ್ತಮ. ಸಕಲೇಶಪುರದಿಂದ ಇನ್ನೊಮ್ಮೆ ಬಸ್ ಹತ್ತುವುದು ತಪ್ಪುತ್ತದೆ.

ಆಯಿಲಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ‘ಬ್ರೇಕ್ ಆಯಿಲ್’ ಎಂಬ ಹೆಸರೇ ನಮ್ಮಲ್ಲಿ ಅನರ್ಥಕ್ಕೆ ಮೂಲ. ಅದು ಆಯಿಲ್ ಅಲ್ಲವೇ ಅಲ್ಲ. ಡಾಟ್ 3, ಡಾಟ್ 4 ಎಂದು ಬರುವುದು ಗ್ಲೈಕಾಲ್ ಜಾತಿಯ ದ್ರವ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಡೀಸೆಲ್, ಸಾಮಾನ್ಯ ಗ್ರೀಸ್ ಯಾವುದೇ ಇರಲಿ, ಒಂದು ಚಮಚ ಒಳಗೆ ಹೋದರೂ ಸೀಲುಗಳು ಊದಿ ಹಾಳಾಗುತ್ತವೆ. ಬಾನೆಟ್ ತೆರೆದು ಬ್ರೇಕ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ರಬ್ಬರನ್ನು ನೋಡಿ. ಅದು ಊದಿಕೊಂಡು ಅಲೆಅಲೆಯಾಗಿ, ತನ್ನ ಜಾಗದಲ್ಲಿ ಕೂರದಂತಾಗಿದ್ದರೆ ಹಿಂದೆ ಯಾರೋ ತಪ್ಪು ಎಣ್ಣೆ ಸುರಿದಿದ್ದಾರೆ. ಆಗ ಕ್ಯಾಲಿಪರ್ ಕಿಟ್ ಒಂದೇ ಸಾಲದು. ಮಾಸ್ಟರ್ ಸಿಲಿಂಡರ್, ಹಿಂದಿನ ಸಿಲಿಂಡರುಗಳು, ಹೋಸುಗಳು ಸೇರಿ ಎಲ್ಲ ರಬ್ಬರೂ ಬದಲಾಗಬೇಕು.

ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಘಾಟಿ ಇಳಿಯುವಾಗ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಹುಟ್ಟಿ ಪೆಡಲ್ ಸೀದಾ ತಳ ಮುಟ್ಟುತ್ತದೆ. ಡಾಟ್ 3 ಬರೆದ ಗಾಡಿಗೆ ಡಾಟ್ 4 ಹಾಕಬಹುದು. ಸಿಲಿಕೋನಿನ ಡಾಟ್ 5 ಮಾತ್ರ ಬೇಡ, ಅದು ಇವುಗಳ ಜೊತೆ ಬೆರೆಯುವುದಿಲ್ಲ. ಹೋದ ವರ್ಷ ತೆರೆದು ಅರ್ಧ ಉಳಿಸಿದ ಬಾಟಲಿಯನ್ನು ಈ ಕೆಲಸಕ್ಕೆ ಬಳಸಬೇಡಿ.

3. ಗಾಡಿ ಎತ್ತಿ ನಿಲ್ಲಿಸುವುದು

ಸಮತಟ್ಟಾದ ಗಟ್ಟಿ ನೆಲವೇ ಬೇಕು. ಅಂಗಳದ ಹಸಿ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ. ಹಿಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡಗಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಇಡಿ. ಮುಂಭಾಗವನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಭುಜದಿಂದ ಒಮ್ಮೆ ನೂಕಿ ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಜಾಕ್ ಒಂದನ್ನೇ ನಂಬಿ ಅಥವಾ ಇಟ್ಟಿಗೆ ಪೇರಿಸಿ ಕೆಳಗೆ ಕೈ ಹಾಕಬಾರದು.

ಒಂದು ಕಡೆಯ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಕಡೆಯದನ್ನು ಮುಟ್ಟಬೇಡಿ. ಯಾವ ಕ್ಲಿಪ್ ಯಾವ ದಿಕ್ಕಿಗೆ ಇತ್ತು ಎಂಬ ಅನುಮಾನ ಬಂದಾಗ ನೋಡಿಕೊಳ್ಳಲು ಒಂದು ಮಾದರಿ ಉಳಿದಿರುತ್ತದೆ. 5ನೇ ಹಂತದಲ್ಲಿ ಕಾಣುವಂತೆ ಇದಕ್ಕೆ ಇನ್ನೂ ದೊಡ್ಡ ಕಾರಣವಿದೆ.

4. ಕ್ಯಾಲಿಪರ್ ಇಳಿಸುವುದು

ಮೊದಲು ಬ್ಲೀಡರ್ ನಿಪ್ಪಲ್ ತಿರುಗುತ್ತದೆಯೇ ನೋಡಿ. ಹಿಂದಿನ ದಿನವೇ ಅದಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿಟ್ಟರೆ ಒಳ್ಳೆಯದು. ಆರು ಮೂಲೆಯ ಸಾಕೆಟ್ ಬಳಸಿ, ಬಿಗಿಸುವ ಕಡೆಗೆ ಸ್ವಲ್ಪ, ಬಿಚ್ಚುವ ಕಡೆಗೆ ಸ್ವಲ್ಪ, ಹೀಗೆ ಆಡಿಸುತ್ತಾ ಸಡಿಲಿಸಿ. ಬಲ ಪ್ರಯೋಗಿಸಿ ಮುರಿದುಕೊಂಡರೆ ಅಲ್ಲಿಂದ ಮುಂದಿನ ಹಂತಗಳೆಲ್ಲ ವ್ಯರ್ಥ. ನಿಪ್ಪಲ್ ಮುರಿದ ಕ್ಯಾಲಿಪರಿನಿಂದ ಗಾಳಿ ತೆಗೆಯಲಾಗದು.

ಹೋಸ್ ಕ್ಯಾಲಿಪರಿಗೆ ಸೇರುವಲ್ಲಿರುವ ಟೊಳ್ಳು ಬೋಲ್ಟನ್ನು ಒಮ್ಮೆ ಸಡಿಲಿಸಿ, ಮತ್ತೆ ಬಿಗಿಸಿಡಿ. ಕ್ಯಾಲಿಪರ್ ಕಳಚಿದ ಮೇಲೆ ಅದನ್ನು ಬಿಡಿಸುವುದು ಕಷ್ಟ. ಸ್ಲೈಡ್ ಪಿನ್ನಿನ ಬೋಲ್ಟುಗಳನ್ನು ತೆಗೆದು ಕ್ಯಾಲಿಪರನ್ನು ಎಳೆದು ಹೊರತನ್ನಿ. ಬರದಿದ್ದರೆ ಡಿಸ್ಕಿನ ಅಂಚಿನಲ್ಲಿ ಎದ್ದ ತುಕ್ಕಿನ ಉಬ್ಬಿಗೆ ಪ್ಯಾಡ್ ಸಿಕ್ಕಿರುತ್ತದೆ. ನಿಪ್ಪಲ್ ಸಡಿಲಿಸಿ ಪೈಪು ಸಿಕ್ಕಿಸಿ, ಕ್ಲ್ಯಾಂಪಿನಿಂದ ಪಿಸ್ಟನ್ನನ್ನು ತುಸು ಒಳಗೆ ಒತ್ತಿ. ಕೊಳಕು ಆಯಿಲ್ ಡಬ್ಬಿಯ ಕಡೆಗೆ ಹಿಂದಕ್ಕೆ ಹೋಗದೆ ಬಾಟಲಿಗೆ ಬೀಳುತ್ತದೆ. ಆಮೇಲೆ ನಿಪ್ಪಲ್ ಮುಚ್ಚಿ. ಕ್ಯಾಲಿಪರನ್ನು ಹೋಸಿನ ಮೇಲೆ ನೇತುಬಿಡಬೇಡಿ, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಆಯಿಲ್ ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ. ತಕ್ಷಣ ನೀರು ಹಾಕಿ ತೊಳೆಯಿರಿ.

ಹಳೆಯ ಪ್ಯಾಡುಗಳನ್ನು ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಿ. ಎರಡೂ ಸಮನಾಗಿ ಸವೆದಿದ್ದರೆ ಸರಿ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು, ಹೀಗೆ ಬೆಣೆಯಾಕಾರದಲ್ಲಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ. ಒಳಗಿನದು ತೆಳುವಾಗಿ ಹೊರಗಿನದು ಹಾಗೆಯೇ ಇದ್ದರೆ ಪಿನ್ನುಗಳು ಜಾರುತ್ತಿಲ್ಲ ಅಥವಾ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ.

5. ಪಿಸ್ಟನ್ ಹೊರಗೆ

ಅಪಾಯ ಹೆಚ್ಚಿರುವುದು ಈ ಹಂತದಲ್ಲಿಯೇ. ಅನೇಕರು ಕಂಪ್ರೆಸರ್ ಗಾಳಿ ಹೊಡೆಯುತ್ತಾರೆ. ಹಿಡಿದುಕೊಂಡ ಪಿಸ್ಟನ್ ತನ್ನ ಹಿಂದೆ ಒತ್ತಡ ತುಂಬಿಸಿಕೊಂಡು ಒಮ್ಮೆಲೇ ಗುಂಡಿನಂತೆ ಹಾರುತ್ತದೆ. ಬೆರಳು ಅಡ್ಡ ಇದ್ದರೆ ಬೆರಳು ಜಜ್ಜಿಹೋಗುತ್ತದೆ. ಪೆಡಲಿನಿಂದಲೇ ತಳ್ಳುವುದು ನಿಧಾನವಾದರೂ ಕ್ಷೇಮ. ದ್ರವ ಗಾಳಿಯಂತೆ ಅಮುಕಿಕೊಂಡು ಕೂರುವುದಿಲ್ಲ, ಪಿಸ್ಟನ್ ಹೊರಬಂದ ಕ್ಷಣವೇ ಒತ್ತಡ ಸೊನ್ನೆಯಾಗುತ್ತದೆ.

ಕ್ಯಾಲಿಪರಿನ ಬಾಯಲ್ಲಿ, ಪಿಸ್ಟನ್ನಿನ ಎದುರಿಗೆ ಹಳೆಯ ಪ್ಯಾಡೊಂದನ್ನೋ ಮರದ ತುಂಡನ್ನೋ ಇಡಿ. ಕೆಳಗೆ ಅಗಲವಾದ ಬೋಗುಣಿ. ಇಂಜಿನ್ ಆರಿಸಿರಲಿ. ಪೆಡಲ್ ಕೆಳಗೆ ಒಂದು ಮರದ ಅಡ್ಡೆ ಇಟ್ಟು, ಅದು ಪೂರ್ತಿ ನೆಲ ಮುಟ್ಟದಂತೆ ನೋಡಿಕೊಳ್ಳಿ. ಹಳೆಯ ಮಾಸ್ಟರ್ ಸಿಲಿಂಡರಿನ ತಳಭಾಗದಲ್ಲಿ ವರ್ಷಗಳಿಂದ ಯಾರೂ ತಲುಪದ ತುಕ್ಕು ಕೂತಿರುತ್ತದೆ. ಪೆಡಲನ್ನು ತಳದವರೆಗೆ ತುಳಿದರೆ ಸೀಲ್ ಆ ತುಕ್ಕಿನ ಮೇಲೆ ಓಡಿ ಹರಿಯುತ್ತದೆ. ‘ಕ್ಯಾಲಿಪರ್ ರಿಪೇರಿ ಮಾಡಿಸಿದ ಮೇಲೆ ಮಾಸ್ಟರ್ ಕೈಕೊಟ್ಟಿತು’ ಎಂಬ ಗೊಣಗಾಟದ ಹಿಂದೆ ಅನೇಕ ಸಲ ಇರುವುದು ಇಷ್ಟೇ. ಗಾಳಿ ತೆಗೆಯುವಾಗಲೂ ಈ ಅಡ್ಡೆ ಅಲ್ಲಿಯೇ ಇರಲಿ.

ಈಗ ಜೊತೆಗಾರರು ನಿಧಾನವಾಗಿ ಪೆಡಲ್ ಒತ್ತಿ ಬಿಡುತ್ತಾ ಹೋಗಲಿ. ಪಿಸ್ಟನ್ ಮಿಲಿಮೀಟರ್ ಮಿಲಿಮೀಟರಾಗಿ ಹೊರಗೆ ಬರುತ್ತದೆ. ಡಬ್ಬಿಯಲ್ಲಿ ಆಯಿಲ್ ಬತ್ತದಂತೆ ನೋಡಿಕೊಳ್ಳಿ. ಇನ್ನೊಂದು ಕಡೆಯ ಕ್ಯಾಲಿಪರನ್ನು ಬಿಚ್ಚಬಾರದು ಎಂದದ್ದು ಇದಕ್ಕೇ. ಎರಡೂ ಬಿಚ್ಚಿದ್ದರೆ ಸುಲಭವಾಗಿ ಜಾರುವ ಪಿಸ್ಟನ್ ಮಾತ್ರ ಹೊರಬಂದು ಬೀಳುತ್ತದೆ, ಹಿಡಿದುಕೊಂಡದ್ದು ಅಲ್ಲೇ ಉಳಿಯುತ್ತದೆ. ಪಿಸ್ಟನ್ ಕೈಗೆ ಸಡಿಲವಾದಾಗ ಹೋಸ್ ಬೋಲ್ಟ್ ಬಿಚ್ಚಿ, ಹೋಸಿನ ತುದಿಯನ್ನು ಶುಭ್ರವಾಗಿ ಮುಚ್ಚಿಡಿ. ಪೆಡಲನ್ನು ಒಂದಂಗುಲದಷ್ಟು ಒತ್ತಿ ಕೋಲಿನಿಂದ ಆನಿಸಿಟ್ಟರೆ ಮೇಲಿನಿಂದ ಆಯಿಲ್ ಸುರಿಯುವುದು ಬಹಳಮಟ್ಟಿಗೆ ನಿಲ್ಲುತ್ತದೆ. ಈಗ ಪಿಸ್ಟನ್ನನ್ನು ಕೈಯಿಂದ ತಿರುಗಿಸುತ್ತಾ ಹೊರಗೆಳೆಯಿರಿ. ಅದರ ಮೈಯನ್ನು ಇಕ್ಕಳದಿಂದ ಕಚ್ಚಬೇಡಿ.

6. ಇಡುವುದೋ ಬಿಡುವುದೋ

ಪಿಸ್ಟನ್ನನ್ನು ಬ್ರೇಕ್ ಕ್ಲೀನರಿನಿಂದ ತೊಳೆದು, ಒರೆಸಿ, ಹಗಲು ಬೆಳಕಿಗೆ ಹಿಡಿಯಿರಿ. ಉಗುರಿನ ತುದಿಯನ್ನು ಅದರ ಮೈಮೇಲೆ ಸುತ್ತಲೂ ಓಡಿಸಿ. ಕಂದು ಕಲೆ ಇದ್ದು ಉಗುರಿಗೆ ಏನೂ ಸಿಕ್ಕದಿದ್ದರೆ ಅದು ಬರಿ ಕಲೆ, ಬಟ್ಟೆಗೆ ಹೋಗುತ್ತದೆ. ಉಗುರು ಎಲ್ಲಿಯಾದರೂ ಸಣ್ಣ ಗುಂಡಿಗೆ ಸಿಕ್ಕಿ ನಿಂತರೆ, ಕ್ರೋಮಿಯಂ ಲೇಪ ಸಿಪ್ಪೆಯಂತೆ ಎದ್ದಿದ್ದರೆ, ಆ ಪಿಸ್ಟನ್ ಸತ್ತಿತು. ಎಮರಿ ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ ಹಾಕುವವರಿದ್ದಾರೆ. ಬೇಡ. ಲೇಪವೇ ಹೋದ ಮೇಲೆ ಹೊಳಪು ಬಂದೇನು, ಒಂದು ಮಳೆಗಾಲಕ್ಕೆ ಮತ್ತೆ ತುಕ್ಕು ಹಿಡಿಯುತ್ತದೆ. ಹೊಸ ಪಿಸ್ಟನ್ ಸಿಕ್ಕಿದರೆ ಅದನ್ನು ಹಾಕಿ, ಸಿಕ್ಕದಿದ್ದರೆ ಕ್ಯಾಲಿಪರನ್ನೇ ಬದಲಿಸಿ.

ಪಿಸ್ಟನ್ ಕೂರುವ ಸಿಲಿಂಡರಿನ ಒಳಗೋಡೆಯ ಮಟ್ಟಿಗೆ ಇಷ್ಟು ಕಠಿಣವಾಗಿರಬೇಕಿಲ್ಲ. ಯಾಕೆಂದರೆ ಸೀಲ್ ಕೂತಿರುವುದು ಗೋಡೆಯಲ್ಲಿ ಕೊರೆದ ತೋಡಿನಲ್ಲಿ, ಉಜ್ಜುವುದು ಪಿಸ್ಟನ್ನಿನ ಮೈಗೆ. ಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲೆ, ತೆಳು ತುಕ್ಕು ಇದ್ದರೆ ನಯವಾದ ನೈಲಾನ್ ಪ್ಯಾಡಿಗೆ ಬ್ರೇಕ್ ಆಯಿಲ್ ಹಚ್ಚಿ ಉಜ್ಜಿ ತೆಗೆಯಬಹುದು. ಸೀಲ್ ಕೂರುವ ತೋಡೇ ತುಕ್ಕಿನಿಂದ ತಿಂದುಹೋಗಿದ್ದರೆ ಅಥವಾ ಗೋಡೆಯಲ್ಲಿ ಆಳವಾದ ಗೀರಿದ್ದರೆ ಕ್ಯಾಲಿಪರ್ ಬೇಡ. ಪಿನ್ ಬೋಲ್ಟಿನ ಮರೆ, ಅಂದರೆ ತ್ರೆಡ್, ಕಿತ್ತುಹೋಗಿದ್ದರೂ ಅದೇ ತೀರ್ಪು.

ಕ್ಯಾಲಿಪರ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಬದಲಿಸಿ. ರಬ್ಬರ್ ಕಿಟ್, ಪ್ಯಾಡ್ ಕೂಡ ಜೋಡಿಯಾಗಿಯೇ. ಒಂದು ಕಡೆ ಚುರುಕು, ಇನ್ನೊಂದು ಕಡೆ ಮಂದ ಆದರೆ ಒದ್ದೆ ರಸ್ತೆಯಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ.

7. ತೊಳೆಯುವುದು, ಹೊಸ ರಬ್ಬರ್ ಕೂರಿಸುವುದು

ಹಳೆಯ ಸೀಲನ್ನು ಬಿದಿರ ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂ ಡ್ರೈವರ್ ಬಳಸಿದರೆ ತೋಡಿನ ಅಂಚಿಗೆ ಗೀರು ಬೀಳುತ್ತದೆ. ಈಗ ತೋಡಿನೊಳಗೆ ಇಣುಕಿ ನೋಡಿ. ಸೀಲಿನ ಬೆನ್ನ ಹಿಂದೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಕಂದು ಪದರ ಕಾಣುತ್ತದೆ. ನನ್ನ ಅನುಭವದಲ್ಲಿ, ಕಿಟ್ ಹಾಕಿದ ಮೇಲೂ ಕ್ಯಾಲಿಪರ್ ಮತ್ತೆ ಹಿಡಿದುಕೊಳ್ಳಲು ಮೊದಲ ಕಾರಣ ಈ ಪದರ. ಇದು ಸೀಲನ್ನು ಹಿಂದಿನಿಂದ ತಳ್ಳಿ ಪಿಸ್ಟನ್ ಮೇಲೆ ಬಿಗಿಯಾಗಿ ಅಮುಕುತ್ತದೆ, ಬಾಗಿ ನೆಟ್ಟಗಾಗಲು ಸೀಲಿಗೆ ಜಾಗ ಬಿಡುವುದಿಲ್ಲ. ಹೊಸ ಸೀಲ್ ಹಾಕಿದರೂ ಅದೇ ಕಥೆ. ಬಿದಿರ ಕಡ್ಡಿಯ ತುದಿಯನ್ನು ತೋಡಿನ ಆಕಾರಕ್ಕೆ ಕೆತ್ತಿಕೊಂಡು, ಮೂಲೆಮೂಲೆಯನ್ನೂ ಕೆರೆದು, ಸ್ಪ್ರೇ ಹೊಡೆದು, ಲೋಹದ ಬಣ್ಣ ಕಾಣುವವರೆಗೆ ಬಿಡಬೇಡಿ. ಡಸ್ಟ್ ಬೂಟಿನ ತುಟಿ ಕೂರುವ ತೋಡಿಗೂ ಇದೇ ಉಪಚಾರ. ಒಂದು ಕ್ಯಾಲಿಪರಿಗೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಪೆಟ್ರೋಲ್, ಸೀಮೆಎಣ್ಣೆ ಬಳಸಬಾರದು.

ಎಲ್ಲ ಒಣಗಿದ ಮೇಲೆ ಹೊಸ ಸೀಲನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಅದ್ದಿ ತೋಡಿಗೆ ಕೂರಿಸಿ, ಬೆರಳಿನಿಂದ ಸುತ್ತಲೂ ಸವರಿ ಎಲ್ಲಿಯೂ ತಿರುಚಿಲ್ಲ ಎಂದು ನೋಡಿ. ಡಸ್ಟ್ ಬೂಟ್ ಸೇರಿಸುವ ಕ್ರಮ ಕ್ಯಾಲಿಪರಿನಿಂದ ಕ್ಯಾಲಿಪರಿಗೆ ಬದಲಾಗುತ್ತದೆ. ಬೂಟಿನ ತುಟಿ ಸಿಲಿಂಡರಿನ ಒಳತೋಡಿನಲ್ಲಿ ಕೂರುವ ಜಾತಿಯಾದರೆ ಬೂಟನ್ನು ಮೊದಲು ಪಿಸ್ಟನ್ನಿನ ತಳಕ್ಕೆ ಏರಿಸಿ, ತುಟಿಯನ್ನು ತೋಡಿಗೆ ಸೇರಿಸಿ, ಆಮೇಲೆ ಪಿಸ್ಟನ್ನನ್ನು ಒಳಗೆ ಒತ್ತಬೇಕು. ಪಿಸ್ಟನ್ ನೆಟ್ಟಗಿದ್ದರೆ ಎರಡು ಹೆಬ್ಬೆರಳ ಬಲಕ್ಕೆ ಒಳಹೋಗುತ್ತದೆ. ಹೋಗದಿದ್ದರೆ ಓರೆಯಾಗಿದೆ. ಸುತ್ತಿಗೆ ಎತ್ತಿಕೊಳ್ಳಬೇಡಿ, ಹೊರತೆಗೆದು ಮತ್ತೆ ಆರಂಭಿಸಿ.

8. ಪಿನ್ನುಗಳು

ಪಿಸ್ಟನ್ ಕೆಲಸ ಮಾಡಿ ದಣಿದವರು ಪಿನ್ನುಗಳನ್ನು ಒರೆಸಿ ಹಾಕಿಬಿಡುತ್ತಾರೆ. ತೇಲುವ ಕ್ಯಾಲಿಪರಿನಲ್ಲಿ ಪಿಸ್ಟನ್ನಿನಷ್ಟೇ ಪಿನ್ನೂ ಮುಖ್ಯ. ಹರಿದ ಬೂಟಿನೊಳಗೆ ಕೆಸರು ನೀರು ನುಗ್ಗಿ, ಒಣಗಿ, ಗ್ರೀಸಿನ ಜೊತೆ ಇಟ್ಟಿಗೆಯಂತಾಗಿರುತ್ತದೆ. ಪಿನ್ ಕೂರುವ ರಂಧ್ರವನ್ನು ಬಾಟಲಿ ತೊಳೆಯುವ ಸಣ್ಣ ಬ್ರಷ್‌ನಿಂದ ತಳದವರೆಗೆ ಶುಚಿ ಮಾಡಿ. ಪಿನ್ ಸವೆದು ಮೈಮೇಲೆ ಮೆಟ್ಟಿಲು ಬಿದ್ದಿದ್ದರೆ, ಬಾಗಿದ್ದರೆ ಬದಲಿಸಿ. ಎರಡು ಪಿನ್ನುಗಳು ಒಂದೇ ತರಹ ಇಲ್ಲದಿರಬಹುದು. ಯಾವುದು ಮೇಲೆ, ಯಾವುದು ಕೆಳಗೆ ಎಂದು ಬಿಚ್ಚುವಾಗಲೇ ಫೋಟೊ ತೆಗೆದಿಡಿ.

ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ವೀಲ್ ಬೇರಿಂಗಿನ ಗ್ರೀಸ್ ಬೇಡ, ಅದು ಬೂಟನ್ನು ಊದಿಸುತ್ತದೆ. ರಂಧ್ರದ ತುಂಬ ಗ್ರೀಸ್ ತುರುಕಿದರೆ ಪಿನ್ ಒಳಹೋಗಲು ಜಾಗವಿಲ್ಲದೆ ಹೊರಗೆ ನೂಕುತ್ತದೆ. ಹಾಕಿದ ಮೇಲೆ ಬೆರಳಿನಿಂದ ಒತ್ತಿದರೆ ಸಲೀಸಾಗಿ ಒಳಹೊರಗೆ ಜಾರಬೇಕು.

9. ಡಿಸ್ಕ್ ಮತ್ತು ನಕಲ್

ಡಿಸ್ಕಿನ ಕನಿಷ್ಠ ದಪ್ಪವನ್ನು ಅನೇಕ ಗಾಡಿಗಳಲ್ಲಿ ಡಿಸ್ಕ್ ಮೇಲೆಯೇ ಅಚ್ಚೊತ್ತಿರುತ್ತಾರೆ, ಇಲ್ಲದಿದ್ದರೆ ಕೈಪಿಡಿಯಲ್ಲಿದೆ. ಮೈಕ್ರೋಮೀಟರಿನಿಂದ ಅಳೆಯಿರಿ. ಅಂಚಿನ ಉಬ್ಬಿನ ಮೇಲೆ ಅಲ್ಲ, ಪ್ಯಾಡ್ ಉಜ್ಜುವ ಜಾಗದಲ್ಲಿ. ಮಿತಿಗಿಂತ ತೆಳುವಾಗಿದ್ದರೆ ಲೇತಿಗೆ ಕೊಟ್ಟು ಇನ್ನಷ್ಟು ತೆಳ್ಳಗೆ ಮಾಡಿಸುವುದು ಮೂರ್ಖತನ.

ಮತ್ತೆ ಜೋಡಿಸುವ ಮೊದಲು ಫೋರ್ ವೀಲ್ ಗಾಡಿಗೇ ವಿಶೇಷವಾದ ಒಂದು ಜಾಗ ನೋಡಬೇಕು. ಜಿಪ್ಸಿಯಂಥ ಗಾಡಿಗಳಲ್ಲಿ ಮುಂದಿನ ಆಕ್ಸಲ್ ತುದಿಯಲ್ಲಿ ಚೆಂಡಿನಾಕಾರದ ನಕಲ್ ಇರುತ್ತದೆ. ಒಳಗಿನ ಆಕ್ಸಲ್ ಸೀಲ್ ಹೋದರೆ ಡಿಫರೆನ್ಶಿಯಲಿನ ಗೇರ್ ಆಯಿಲ್ ಅಲ್ಲಿಗೆ ನುಗ್ಗಿ, ಗ್ರೀಸಿನ ಜೊತೆ ಬೆರೆತು ಕರಿ ಗಂಜಿಯಾಗಿ ಹೊರಗೆ ಇಳಿಯುತ್ತದೆ. ಅದು ಡಿಸ್ಕ್ ತಲುಪಿದರೆ ನಿಮ್ಮ ಹೊಸ ಪ್ಯಾಡ್ ಒಂದೇ ದಿನದಲ್ಲಿ ಹಾಳು. ಎಣ್ಣೆ ಕುಡಿದ ಪ್ಯಾಡನ್ನು ಸುಟ್ಟೋ ತೊಳೆದೋ ಉಳಿಸಲಾಗದು. ನಕಲ್ ಒದ್ದೆಯಾಗಿದ್ದರೆ ಮೊದಲು ಆ ಸೀಲಿನ ಕೆಲಸ ಮಾಡಿಸಿ, ಆಮೇಲೆ ಪ್ಯಾಡ್ ಹಾಕಿ.

10. ಮತ್ತೆ ಜೋಡಿಸುವುದು

ಬ್ರಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಜಾರುವ ಜಾಗವನ್ನು ತಂತಿ ಬ್ರಷ್‌ನಿಂದ ಉಜ್ಜಿ. ಪ್ಯಾಡ್ ಅಲ್ಲಿ ಬೆರಳ ಒತ್ತಡಕ್ಕೆ ಸರಿಯಬೇಕು. ಕ್ಯಾಲಿಪರನ್ನು ಏರಿಸಿ, ಹೋಸ್ ಬೋಲ್ಟಿಗೆ ಎರಡೂ ಬದಿಗೆ ಹೊಸ ತಾಮ್ರದ ವಾಶರ್ ಹಾಕಿ. ಹಳೆಯ ವಾಶರ್ ಒಮ್ಮೆ ಅಮುಕಿಕೊಂಡಿರುವುದರಿಂದ ಮತ್ತೆ ಸೋರುತ್ತದೆ. ಬಿಗಿತದ ಪ್ರಮಾಣ ಕೈಪಿಡಿಯಲ್ಲಿ ಇರುವಷ್ಟೇ ಇರಲಿ. ಅಂದಾಜಿಗೆ ಹೇಳುವುದಾದರೆ ಈ ವರ್ಗದ ಗಾಡಿಗಳಲ್ಲಿ ಪಿನ್ ಬೋಲ್ಟುಗಳು ಸಾಮಾನ್ಯವಾಗಿ 25ರಿಂದ 35 ನ್ಯೂಟನ್ ಮೀಟರ್, ಬ್ರಾಕೆಟ್ ಬೋಲ್ಟುಗಳು ಅದರ ಸುಮಾರು ಮೂರು ಪಟ್ಟು. ಪಿನ್ ಬೋಲ್ಟಿಗೆ ಬ್ರಾಕೆಟ್ಟಿನ ಬಲ ಹಾಕಿ ಮುರಿಯುವುದು ಸಾಮಾನ್ಯ ತಪ್ಪು.

ಎಡದ ಕ್ಯಾಲಿಪರ್ ಎಡಕ್ಕೇ ಹೋಗಬೇಕು. ಅದಲುಬದಲಾದರೂ ಬೋಲ್ಟುಗಳು ಸರಿಯಾಗಿ ಕೂರುತ್ತವೆ, ಮೋಸವೇ ಅಲ್ಲಿರುವುದು. ಬ್ಲೀಡರ್ ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಅದು ಕೆಳಗೆ ಬಂದಿದ್ದರೆ ಮೇಲೆ ಕೂತ ಗಾಳಿ ಎಷ್ಟು ಹೊತ್ತು ಪೆಡಲ್ ತುಳಿದರೂ ಹೊರಬಾರದು.

ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲಿಯೂ ಎಳೆಯದು, ಟೈರಿಗೆ ಉಜ್ಜದು ಎಂದು ನೋಡಿ. ಶ್ಯಾಕಲ್ (ಸ್ಪ್ರಿಂಗಿನ ತುದಿಯ ಕೊಂಡಿ) ಬದಲಿಸಿ ಗಾಡಿ ಎತ್ತರಿಸಿದವರು ಚಕ್ರ ಜೋತುಬಿದ್ದ ಸ್ಥಿತಿಯಲ್ಲಿ ಇನ್ನೊಮ್ಮೆ ನೋಡಬೇಕು. ಕಂಪನಿಯ ಉದ್ದದ ಹೋಸ್ ಆಗ ವೀಣೆಯ ತಂತಿಯಾಗಿರುತ್ತದೆ.

11. ಗಾಳಿ ತೆಗೆಯುವುದು

ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿ. ಪಾರದರ್ಶಕ ಪೈಪನ್ನು ನಿಪ್ಪಲಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಯಲ್ಲಿನ ಆಯಿಲಿನೊಳಗೆ ಮುಳುಗಿಸಿ. ಜೊತೆಗಾರರು ಪೆಡಲ್ ಒತ್ತಿ ‘ಹಿಡಿದಿದ್ದೇನೆ’ ಎನ್ನಲಿ. ನೀವು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿಸಿ ‘ಬಿಡಿ’ ಎನ್ನಿ. ನಿಪ್ಪಲ್ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಮರೆಯ ಸಂದಿಯಿಂದ ಗಾಳಿ ಮತ್ತೆ ಒಳಸೇರುತ್ತದೆ. ಐದಾರು ಒತ್ತಿಗೊಮ್ಮೆ ಡಬ್ಬಿ ನೋಡಿ. ಅದು ಖಾಲಿಯಾಗಿ ಮಾಸ್ಟರ್ ಗಾಳಿ ಕುಡಿದರೆ ಮೊದಲಿನಿಂದ ಶುರು ಮಾಡಬೇಕು.

ನಮ್ಮ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ದೂರದ ಎಡ ಚಕ್ರ ಮೊದಲು, ಬಲ ಆಮೇಲೆ. ಆಯಿಲ್ ಪೂರ್ತಿ ಬದಲಿಸುವುದಾದರೆ ಹಿಂದಿನಿಂದ ಆರಂಭಿಸಿ. ಡಿಕಾಕ್ಷನ್ನಿನಂಥ ಕಪ್ಪು ಹೋಗಿ ತಿಳಿ ಜೇನಿನ ಬಣ್ಣ ಬರುವವರೆಗೆ ಬಿಡಬೇಡಿ. ಇಷ್ಟಾದರೂ ಪೆಡಲ್ ಸ್ಪಂಜಿನಂತೆ ಇದ್ದರೆ ಇನ್ನೂ ಗಾಳಿಯಿದೆ. ಪೆಡಲ್ ಗಟ್ಟಿಯಾಗಿದ್ದು ಬಹಳ ಕೆಳಗಿದ್ದರೆ ಹಿಂದಿನ ಡ್ರಮ್ ಹೊಂದಾಣಿಕೆ ಆಗಬೇಕು.

12. ರಸ್ತೆಗಿಳಿಸುವ ಮೊದಲು

ಚಕ್ರ ಹಾಕಿ ಗಾಡಿ ಇಳಿಸಿದ ಮೇಲೆ, ಇಂಜಿನ್ ಚಾಲು ಮಾಡಿ, ಗೇರಿಗೆ ಹಾಕುವ ಮೊದಲು ಪೆಡಲನ್ನು ಹತ್ತು ಸಲ ಒತ್ತಿ. ಒಳಸರಿದ ಪಿಸ್ಟನ್ ಪ್ಯಾಡಿಗೆ ತಾಗುವವರೆಗೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ರಿವರ್ಸ್ ತೆಗೆದವರ ಗಾಡಿ ಕೊಟ್ಟಿಗೆಯ ಗೋಡೆಗೆ ಒರಗಿ ನಿಲ್ಲುತ್ತದೆ. ಬಳಿಕ ಖಾಲಿ ಬಯಲು ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ 10ಕ್ಕೆ ಹದವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಪಡೆಯಿರಿ. ನಡುವೆ ಆರಲು ಬಿಡುತ್ತಾ ಎಂಟು ಹತ್ತು ಸಲ ಹೀಗೆ ಮಾಡಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಮೊದಲ ಪ್ರಯೋಗ ಘಾಟಿಯಲ್ಲಿ ಬೇಡ, ಹೊರೆ ತುಂಬಿಯೂ ಬೇಡ. ಮನೆಗೆ ಬಂದು ಮೊದಲ ಹಂತದ ಬಿಸಿಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎರಡೂ ಚಕ್ರಗಳ ಬಿಸಿ ಹೆಚ್ಚುಕಡಿಮೆ ಒಂದೇ ಆಗಿರಬೇಕು.

ಆ ರಾತ್ರಿ ಎರಡೂ ಮುಂದಿನ ಚಕ್ರಗಳ ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿಡಿ. ಬೆಳಿಗ್ಗೆ ಕಾಗದದ ಮೇಲೆ ಬೊಟ್ಟಿನಷ್ಟು ಒದ್ದೆ ಕಂಡರೂ ಗಾಡಿ ಹೊರಡಿಸದೆ ಹೋಸ್ ಬೋಲ್ಟನ್ನೂ ನಿಪ್ಪಲನ್ನೂ ಟಾರ್ಚ್ ಹಿಡಿದು ನೋಡಿ. 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ. ಆಯಿಲ್ ಬದಲಿಸಿದ ದಿನಾಂಕವನ್ನು ಡಬ್ಬಿಯ ಪಕ್ಕದಲ್ಲಿ ಪೇಂಟ್ ಪೆನ್ನಿನಲ್ಲಿ ಬರೆದಿಡಿ, ಎರಡು ವರ್ಷಕ್ಕೆ ಅದನ್ನು ಮತ್ತೆ ಬದಲಿಸಬೇಕು.